ಕಾರ್ಬೊರೇಟರಿಗೆ ಕೈ ಕೊನೆಗೆ: ಹಳೆ ಕಾರನ್ನು ಭಾನುವಾರದ ಓಟಕ್ಕೆ ತಯಾರು ಮಾಡುವುದು

ನಮ್ಮ ಗುಂಪಿಗೆ ಬರೆದಿಟ್ಟ ನಿಯಮ ಅಂತ ಇರುವುದು ಒಂದೇ. ಹುಬ್ಬಳ್ಳಿ ಗೋಕುಲ ರೋಡಿನ ನನ್ನ ಲೇಥ್ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಅದು ಇದೆ: ಟ್ಯಾಪೆಟ್ ನೋಡದೆ, ಪಾಯಿಂಟ್ ನೋಡದೆ, ಟೈಮಿಂಗ್ ನೋಡದೆ ಯಾರೂ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಬಾರದು. ಟ್ಯಾಪೆಟ್ ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ಪಾಯಿಂಟ್ ಅಂದರೆ ಕಿಡಿ ಹುಟ್ಟಿಸಲು ಕರೆಂಟು ಕಡಿಯುವ ಸ್ವಿಚ್ಚು, ಟೈಮಿಂಗ್ ಅಂದರೆ ಆ ಕಿಡಿ ಬರುವ ಹೊತ್ತು, ಕಾರ್ಬೊರೇಟರು ಗಾಳಿಗೆ ಪೆಟ್ರೋಲು ಬೆರೆಸುವ ಭಾಗ. ಗಾಡಿ ಎಳೆಯಲಿಲ್ಲ, ಸೈಲೆನ್ಸರ್ ಢಬ್ ಅಂತು, ಬಿಸಿಯಾದ ಮೇಲೆ ನಿಂತುಹೋಯಿತು, ಏನೇ ಆಗಲಿ, ಜನರ ಕೈ ಮೊದಲು ಹೋಗುವುದು ಅಲ್ಲಿಗೇ. ಅದು ಮೇಲೆಯೇ ಇರುತ್ತದೆ, ಸ್ಕ್ರೂ ಕೈಗೆ ಎಟುಕುತ್ತದೆ, ಕಾಲು ಸುತ್ತು ತಿರುಗಿಸಿದರೆ ಸದ್ದು ಬದಲಾಗುತ್ತದೆ. ಸದ್ದು ಬದಲಾಯಿತಲ್ಲ, ಕೆಲಸ ಆಯಿತು ಅಂತ ಬಾನೆಟ್ ಮುಚ್ಚುತ್ತಾರೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಮತ್ತೆ ಅದೇ ರೋಗ.

ಗುಂಪು ಅಂದೆ, ದೊಡ್ಡದೇನಲ್ಲ. ಧಾರವಾಡದ ಡಾಕ್ಟರೊಬ್ಬರ ಹತ್ತಿರ ಎಂಜಿಬಿ ಇದೆ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು, ಮೇಲ್ಛಾವಣಿ ಬಿಚ್ಚಿದರೆ ಇಡೀ ಲೈನ್ ಬಜಾರ್ ತಿರುಗಿ ನೋಡುವಂಥದ್ದು. ಗದಗಿನ ಅರಳೆ ವ್ಯಾಪಾರಿ ಕಾಕಾ ತಮ್ಮ ಫಿಯೆಟ್ 1100 ತರುತ್ತಾರೆ. ಹಾವೇರಿಯ ಹುಡುಗನೊಬ್ಬ ಸಾನ್ ಸ್ಟಾರ್ಮ್ ತರುತ್ತಾನೆ. ಗೋವಾದಲ್ಲಿ ತಯಾರಾದ, ಫೈಬರ್ ಬಾಡಿಯ, ರೆನೋ ಎಂಜಿನ್ನಿನ ಪುಟ್ಟ ಕಾರು. ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. "ಇದೂ ಸ್ಪೋರ್ಟ್ಸ್ ಕಾರೇನ್ರಿ?" ಅಂತ ಹೊಸಬರು ಕೇಳಿದಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ. ಮದ್ರಾಸಿನಲ್ಲಿ ತಯಾರಾದ ಈ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಮಗಳು. 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಮಾಡಿದ್ದು ಇದೇ ಹೆರಾಲ್ಡಿನ ಚಾಸಿ ಗಿಡ್ಡ ಮಾಡಿ, ಇದೇ ವಂಶದ ಎಂಜಿನ್ ಇಟ್ಟು. ಎರಡರ ಬಾಡಿಯ ಚಿತ್ರ ಬರೆದವನೂ ಒಬ್ಬನೇ, ಇಟಲಿಯ ಮಿಕೆಲೊತ್ತಿ. ಡಾಕ್ಟರು ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಅವರ ಎಂಜಿಬಿ ಬಾನೆಟ್ಟಿನೊಳಗೆ ಬೆನ್ನು ಬಗ್ಗಿಸಿ ಒದ್ದಾಡುವಾಗ, ನನ್ನ ಹೆರಾಲ್ಡಿನ ಮೂತಿಯನ್ನೇ ಪೂರಾ ಮುಂದಕ್ಕೆ ಮಗುಚಿ, ಮುಂದಿನ ಗಾಲಿಯ ಮೇಲೆ ಕೂತು ಕೆಲಸ ಮಾಡುವುದನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ.

ತಿಂಗಳಿಗೊಂದು ಭಾನುವಾರ ಓಟ, ಅದರ ಹಿಂದಿನ ಭಾನುವಾರ ಬಾನೆಟ್ ತೆರೆಯುವ ಕೂಟ. ಹೊಸದಾಗಿ ಹಳೆ ಕಾರು ತೆಗೆದುಕೊಂಡವರು ಈಚೆಗೆ ಬರತೊಡಗಿದ್ದಾರೆ. ಅವರಿಗೆ ಪ್ರತಿ ಸಲ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮಾತು ಹೇಗೆ ಆಡಬೇಕು

ಬಾನೆಟ್ ತೆರೆದ ಕೂಡಲೇ ಎಲ್ಲರೂ ಮಿಸ್ತ್ರಿಗಳೇ. ಒಬ್ಬ ಕಾಯಿಲ್ ಅಂತಾನೆ, ಇನ್ನೊಬ್ಬ ಪಂಪ್ ಅಂತಾನೆ, ಮೂರನೆಯವನು ಪಾನಾ ಹಿಡಿದು ಆಗಲೇ ಏನೋ ಬಿಚ್ಚಿರುತ್ತಾನೆ. ಹಾಗಾಗಿ ಒಂದು ಸಲಕ್ಕೆ ಒಂದೇ ಬಾನೆಟ್. ಮೊದಲು ಮಾಲೀಕ ಮಾತಾಡಬೇಕು, ಅವನೂ ರೋಗದ ಹೆಸರು ಹೇಳಬಾರದು, ಲಕ್ಷಣ ಹೇಳಬೇಕು. ಇದನ್ನು ಹಾಕಿಕೊಟ್ಟವರು ಡಾಕ್ಟರೇ. "ಪಿಕಪ್ ಇಲ್ಲ" ಅಂದರೆ ಏನೂ ಹೇಳಿದಂತಾಗಲಿಲ್ಲ. "ನವಲೂರಿನ ಸೇತುವೆ ಏರುವಾಗ, ಟಾಪ್ ಗೇರಿನಲ್ಲಿ, ಕಾಲು ಪೂರಾ ಒತ್ತಿದರೆ ಜಗ್ಗುತ್ತದೆ, ಅರ್ಧ ಒತ್ತಿದರೆ ಸರಿಯಾಗಿ ಹೋಗುತ್ತದೆ, ಎಂಜಿನ್ ತಣ್ಣಗಿದ್ದಾಗ ಈ ತ್ರಾಸಿಲ್ಲ" ಅಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಬಿಸಿಯಲ್ಲೋ ತಣ್ಣಗೋ, ಏರಿನಲ್ಲೋ ಸಪಾಟಿನಲ್ಲೋ, ಒಮ್ಮೆಲೇ ನಿಂತಿತೋ ತೊದಲಿ ನಿಂತಿತೋ. ಒಮ್ಮೆಲೇ ಸ್ವಿಚ್ ಆರಿಸಿದ ಹಾಗೆ ನಿಂತರೆ ಬಹುತೇಕ ಕರೆಂಟಿನ ಕಡೆ ನೋಡಿ. ಎರಡು ಸಲ ತೊದಲಿ, ಕೆಮ್ಮಿ ನಿಂತರೆ ಪೆಟ್ರೋಲಿನ ಕಡೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ. ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್, ಪ್ಲಗ್ ಮೂರೂ ಒಟ್ಟಿಗೆ ಬದಲಿಸಿ ಗಾಡಿ ಸರಿಹೋದರೆ, ಕೆಟ್ಟಿದ್ದು ಯಾವುದು ಅಂತ ಗೊತ್ತಾಗಲಿಲ್ಲ. ಹೊಸ ಕಂಡೆನ್ಸರೇ ಕೆಟ್ಟದ್ದು ಬಂದಿದ್ದರಂತೂ ದೇವರೇ ಗತಿ. ಈಗ ಬರುವ ಕಂಡೆನ್ಸರುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಬಿಚ್ಚಿದ ಹಳೆಯದು ಸುಸ್ಥಿತಿಯಲ್ಲಿದ್ದರೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಎಸೆಯಬೇಡಿ.

ಟ್ಯಾಪೆಟ್

ಇದು ಎಂಜಿನ್ ತಣ್ಣಗಿದ್ದಾಗಿನ ಕೆಲಸ. ಅದಕ್ಕೇ ಕೂಟಕ್ಕೆ ಬರುವವರು ಹಿಂದಿನ ರಾತ್ರಿಯೇ ಗಾಡಿ ತಂದು ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಓಡಿಸಿಕೊಂಡು ಬಂದವರಿಗೆ ಚಾ, ಗಿರ್ಮಿಟ್ಟು, ಮಧ್ಯಾಹ್ನದವರೆಗೆ ಕಾಯುವ ಶಿಕ್ಷೆ.

ನಾಲ್ಕೂ ಪ್ಲಗ್ ಬಿಚ್ಚಿ, ಯಾವ ಸಿಲಿಂಡರಿನದು ಯಾವುದು ಅಂತ ತಿಳಿಯುವ ಹಾಗೆ ಸಾಲಾಗಿ ಇಡಿ. ಪ್ಲಗ್ ಇಲ್ಲದ ಎಂಜಿನ್ನು ಹಗುರವಾಗಿ ತಿರುಗುತ್ತದೆ. ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಅಂಗೈಯಿಂದ ದೂಡಿದರೆ ಸಾಕು. ರಾಕರ್ ಕವರ್, ಅಂದರೆ ರಾಕರುಗಳ ಮೇಲಿನ ಮುಚ್ಚಳ, ತೆಗೆಯಿರಿ. ರೇಡಿಯೇಟರ್ ಕಡೆಯಿಂದ ವಾಲ್ವುಗಳನ್ನು ಎಣಿಸಿ, ಒಂದರಿಂದ ಎಂಟು.

ಈಗ ಒಂಬತ್ತರ ಲೆಕ್ಕ. ಒಂದನೇ ವಾಲ್ವು ಪೂರಾ ಕೆಳಗೆ ಒತ್ತಿ ತೆರೆದಿದ್ದಾಗ ಎಂಟನೆಯದನ್ನು ಸೆಟ್ ಮಾಡಬೇಕು. ಮೂರು ತೆರೆದಿದ್ದರೆ ಆರು. ಐದು ತೆರೆದಿದ್ದರೆ ನಾಲ್ಕು. ಎರಡು ತೆರೆದಿದ್ದರೆ ಏಳು. ತಿರುಗಿಸಿ ಹೇಳಿದರೂ ಅಷ್ಟೇ, ಎಂಟು ತೆರೆದಾಗ ಒಂದು. ತೆರೆದದ್ದೂ ಸೆಟ್ ಮಾಡುವುದೂ ಕೂಡಿಸಿದರೆ ಒಂಬತ್ತು ಬರಬೇಕು. ಹೆರಾಲ್ಡಿಗೂ ಎಂಜಿಬಿಗೂ ಇದೇ ನಡೆಯುತ್ತದೆ, ಕಾರಣ ಎರಡರಲ್ಲೂ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬರುವ ಸರದಿ) 1-3-4-2, ವಾಲ್ವುಗಳ ಸಾಲು ಈ ತುದಿಯಿಂದ ನೋಡಿದರೂ ಆ ತುದಿಯಿಂದ ನೋಡಿದರೂ ಒಂದೇ. ಬೇರೆ ಎಂಜಿನ್ನಾದರೆ ಅದರ ಪುಸ್ತಕ ನೋಡಿ, ನನ್ನ ಮಾತು ಕೇಳಬೇಡಿ.

ಗ್ಯಾಪ್ ಎಷ್ಟು? ಹೆರಾಲ್ಡಿಗೆ ಎಂಟೂ ವಾಲ್ವಿಗೆ 10 ಥೌ, ಅಂದರೆ 0.25 ಮಿಲಿಮೀಟರ್. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಎಂಜಿಬಿಗೆ 15 ಥೌ, 0.38 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿದಾಗ ಹಿಡಿದು ಜಗ್ಗಿದಂತೆ ಅನ್ನಿಸಬೇಕು, ಸಿಕ್ಕಿಕೊಳ್ಳಬಾರದು. ನಿಮ್ಮ ಬೆರಳಿಗೆ ನಂಬಿಕೆ ಇಲ್ಲದಿದ್ದರೆ ಒಂದು ಥೌ ಜಾಸ್ತಿ ಇರುವ ಎಲೆ ತೂರಿಸಿ ನೋಡಿ. ಅದು ಒಳಗೆ ಹೋಗಲೇಬಾರದು. ಸ್ಕ್ರೂಡ್ರೈವರ್ ಹಿಡಿದು ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಕೂದಲೆಳೆಯಷ್ಟು ಜೊತೆಗೇ ತಿರುಗುತ್ತದೆ. ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಬಹಳ ಓಡಿದ ಎಂಜಿನ್ನಿನ ರಾಕರ್ ತುದಿಯಲ್ಲಿ ವಾಲ್ವಿನ ತಲೆ ಕೂತು ಕೂತು ಸಣ್ಣ ತಗ್ಗು ಬಿದ್ದಿರುತ್ತದೆ. ಫೀಲರ್ ಎಲೆ ಆ ತಗ್ಗಿನೊಳಗೆ ಇಳಿಯುವುದಿಲ್ಲ, ಮೇಲೆ ಸೇತುವೆ ಕಟ್ಟುತ್ತದೆ. ಎಲೆ 10 ತೋರಿಸಿದರೂ ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚು. ಎಲ್ಲ ಸರಿಯಾಗಿ ಸೆಟ್ ಮಾಡಿಯೂ ಟಿಕ್ ಟಿಕ್ ನಿಲ್ಲುವುದಿಲ್ಲ ಅಂದರೆ ರಾಕರನ್ನು ಬೆಳಕಿಗೆ ಹಿಡಿದು, ಉಗುರು ಆಡಿಸಿ ನೋಡಿ. ಉಗುರು ತಗ್ಗಿಗೆ ಸಿಕ್ಕಿದರೆ ರಾಕರ್ ಬದಲಿಸುವ ಕಾಲ ಬಂದಿದೆ.

ಆದರೆ ಟಿಕ್ ಟಿಕ್ ಅನ್ನುವ ಎಂಜಿನ್ನಿಗೆ ಯಾರೂ ಹೆದರಬೇಕಿಲ್ಲ. ನನಗೆ ಭಯ ಹುಟ್ಟಿಸುವುದು ಟ್ಯಾಪೆಟ್ ಸದ್ದೇ ಇಲ್ಲದ ಹಳೆ ಎಂಜಿನ್ನು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು. ಅದಕ್ಕೂ ಹಿಂದಿನ ಪೆಟ್ರೋಲಿನಲ್ಲಿ ಇರುತ್ತಿದ್ದ ಸೀಸ, ವಾಲ್ವು ಮತ್ತು ಅದರ ಸೀಟಿನ ನಡುವೆ ತೆಳ್ಳಗೆ ಕೂತು ಸವೆತ ತಡೆಯುತ್ತಿತ್ತು. ಈ ಎಂಜಿನ್ನುಗಳ ಸೀಟು ಮೆತ್ತಗಿನ ಬೀಡು ಕಬ್ಬಿಣ. ಸೀಸ ಇಲ್ಲದೆ ಜೋರಾಗಿ ಓಡಿಸಿದರೆ ಎಗ್ಸಾಸ್ಟ್ ವಾಲ್ವು ನಿಧಾನವಾಗಿ ಹೆಡ್ಡಿನೊಳಗೆ ಹೂತುಕೊಳ್ಳುತ್ತದೆ. ವಾಲ್ವು ಹೂತರೆ ಅದರ ಬಾಲ ಮೇಲೆ ಬರುತ್ತದೆ, ಗ್ಯಾಪ್ ಮುಚ್ಚುತ್ತದೆ. ಪೂರಾ ಮುಚ್ಚಿದರೆ ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರದೆ ಸುಡುತ್ತದೆ. ಪ್ರತಿ ಸಲ ಎಷ್ಟು ಗ್ಯಾಪ್ ಇತ್ತು, ಎಷ್ಟಕ್ಕೆ ತಂದಿರಿ ಅಂತ ವಹಿಯಲ್ಲಿ ಬರೆದಿಡಿ. ಒಂದೇ ವಾಲ್ವು ಪ್ರತಿ ಸಲವೂ ಬಿಗಿಯಾಗಿಯೇ ಸಿಗುತ್ತಿದ್ದರೆ ಅದರ ಸೀಟು ಹೋಗುತ್ತಿದೆ. ಹೆಡ್ ಇಳಿಸಿ ಗಟ್ಟಿ ಸೀಟು ಕೂರಿಸಿಬಿಟ್ಟರೆ ಈ ಚಿಂತೆ ಮುಗಿಯಿತು.

ಪ್ಲಗ್ ಹೇಗೂ ಬಿಚ್ಚಿದ್ದೀರಿ. ಕಂಪ್ರೆಶನ್ ಗೇಜು ಗುಂಪಿನಲ್ಲಿ ಒಂದಿದ್ದರೆ ಸಾಕು, ವರ್ಷಕ್ಕೊಮ್ಮೆ ಅಳೆಯಿರಿ. ಅಳೆಯುವಾಗ ಎಕ್ಸಲೇಟರ್ ಪೂರಾ ಒತ್ತಿರಬೇಕು. ನಾಲ್ಕೂ ಹತ್ತಿರ ಹತ್ತಿರ ಬರಬೇಕು; ಒಂದು ಮಾತ್ರ ಕೆಳಗಿದ್ದರೆ ಆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿತು ಅಂದರೆ ರಿಂಗು, ಏರಲಿಲ್ಲ ಅಂದರೆ ವಾಲ್ವು. ಹಳೆ ಕಾರು ಕೊಳ್ಳಲು ಹೋಗುವವರೂ ಈ ಗೇಜನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಬೇಕು. ಹೊಸ ಪೇಂಟಿನ ಹೊಳಪು ನೋಡಿ ಅಡ್ವಾನ್ಸ್ ಕೊಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಡೆಲ್ಕೋ

ಡೆಲ್ಕೋ ಅಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಪಾಯಿಂಟ್ ಇರುವುದೂ ಅದರೊಳಗೇ. ಅದರ ಮುಚ್ಚಳ ತೆಗೆದು ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ನಮ್ಮ ಎರೆ ಮಣ್ಣಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ, ಮಳೆಗಾಲದಲ್ಲಿ ಅದೇ ಧೂಳು ತೇವ ಹಿಡಿದು ಕರೆಂಟಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಮುಚ್ಚಳದ ಒಳಗೆ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆ ಕಂಡರೆ ಮುಚ್ಚಳವನ್ನೇ ಬದಲಿಸಿ. ಒರೆಸಿದರೆ ಆ ಗೆರೆ ಹೋಗುವುದಿಲ್ಲ.

ಪಾಯಿಂಟಿನ ಹಿಮ್ಮಡಿ, ನಡುವೆ ತಿರುಗುವ ಕ್ಯಾಮಿನ ಮೂಲೆಯ ತುದಿಗೆ ಬರುವಷ್ಟು ಎಂಜಿನ್ ತಿರುಗಿಸಿ, ಆಗ 15 ಥೌ ಗ್ಯಾಪ್ ಇರಬೇಕು. ಪಾಯಿಂಟಿನ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಫೀಲರ್ ಸುಳ್ಳು ಹೇಳುತ್ತದೆ. ಸಣ್ಣ ಅರದಿಂದ ಸಪಾಟು ಮಾಡಿ ಇಲ್ಲವೇ ಹೊಸದು ಹಾಕಿ. ಹೊಸ ಪಾಯಿಂಟಿನ ಹಿಮ್ಮಡಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ, ಅದಕ್ಕಿಂತ ಜಾಸ್ತಿ ಬೇಡ. ಹಚ್ಚದಿದ್ದರೆ ಹಿಮ್ಮಡಿ ಸವೆದು, ಗ್ಯಾಪ್ ಮುಚ್ಚುತ್ತಾ ಬಂದು, ದಾರಿಯಲ್ಲೇ ಗಾಡಿ ಕೈ ಕೊಡುತ್ತದೆ. ಪ್ಲಗ್ಗಿಗೆ 25 ಥೌ.

ಗ್ಯಾಪ್ ಮುಗಿದ ಮೇಲೆಯೇ ಟೈಮಿಂಗ್. ಗ್ಯಾಪ್ ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ: ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಬೇಗ ಬರುತ್ತದೆ. ಟೈಮಿಂಗ್ ಲೈಟ್ ಇಲ್ಲದಿದ್ದರೂ ನಡೆಯುತ್ತದೆ, ಒಂದು 12 ವೋಲ್ಟ್ ಬಲ್ಬಿಗೆ ಎರಡು ವೈರು, ಎರಡು ಮೊಸಳೆ ಕ್ಲಿಪ್ಪು ಸಾಕು. ಒಂದು ಕ್ಲಿಪ್ಪು ಡೆಲ್ಕೋದ ಸಣ್ಣ ವೈರಿನ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಒಂದನೇ ಸಿಲಿಂಡರು ಕಂಪ್ರೆಶನ್ನಿಗೆ ಬರುವಾಗ, ಪುಳ್ಳಿಯ ಗುರುತನ್ನು ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ತನ್ನಿ. ಚಾವಿ ಆನ್ ಮಾಡಿ, ಡೆಲ್ಕೋದ ಬಿಗಿ ಸಡಿಲಿಸಿ, ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಪಾಯಿಂಟ್ ತೆರೆದ ಕ್ಷಣ ಬಲ್ಬು ಹತ್ತುತ್ತದೆ. ಅಲ್ಲೇ ಬಿಗಿ ಮಾಡಿ, ಚಾವಿ ಆರಿಸಿ. ಚಾವಿ ಆನ್ ಇಟ್ಟು ಹರಟೆಗೆ ನಿಂತರೆ ಕಾಯಿಲ್ ಸುಡುತ್ತದೆ, ಮತ್ತೆ ನಮ್ಮ ಗುಂಪಿನಲ್ಲಿ ಹರಟೆಗೆ ಬರಗಾಲ ಇಲ್ಲ. ಆಮೇಲೆ ಓಡಿಸಿ ನೋಡುವಾಗ ಏರಿನಲ್ಲಿ ಗೋಲಿ ಉದುರಿದಂಥ ಕಿಣಿಕಿಣಿ ಕೇಳಿದರೆ ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ.

ಎಂಜಿಬಿಯವರಿಗೆ ಒಂದು ಎಚ್ಚರಿಕೆ. 1967ರ ಕೊನೆಯವರೆಗೆ ಬಂದ ಎಂಜಿಬಿಗಳಲ್ಲಿ ಬಾಡಿಗೆ ಕೊಟ್ಟಿರುವುದು ಬ್ಯಾಟರಿಯ ಪಾಸಿಟಿವ್. ಪಕ್ಕದ ಗಾಡಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಡಲು ಬರುವ ಪುಣ್ಯಾತ್ಮರನ್ನು ಮೊದಲು ತಡೆದು, ಇದನ್ನು ತಿಳಿಸಿ.

ಈಗ ಕಾರ್ಬೊರೇಟರು

ಇಲ್ಲಿಗೆ ಬರುವಷ್ಟರಲ್ಲಿ ಹತ್ತಕ್ಕೆ ಏಳು ಗಾಡಿ ತಾವಾಗಿಯೇ ಸರಿಹೋಗಿರುತ್ತವೆ ಅನ್ನುವುದು ಗದಗಿನ ಕಾಕಾ ಅವರ ಲೆಕ್ಕ. ಅರಳೆ ವ್ಯಾಪಾರಿಯ ಲೆಕ್ಕ, ಸ್ವಲ್ಪ ಉಬ್ಬಿಸಿರಬಹುದು. ಅವರ ಫಿಯೆಟ್ಟಿನಂಥ ಸೋಲೆಕ್ಸ್ ಕಾರ್ಬೊರೇಟರಿಗೆ ಉಳಿಯುವುದು ಬಹಳ ಕಡಿಮೆ: ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಬಿಚ್ಚಿ ಗಾಳಿ ಊದುವುದು, ತಂತಿ ತೂರಿಸದೇ ಇರುವುದು, ಆಮೇಲೆ ಸ್ಲೋ ಸ್ಕ್ರೂ, ಮಿಕ್ಸ್ಚರ್ ಸ್ಕ್ರೂ ಎರಡನ್ನೂ ಸರದಿಯಂತೆ ತಿರುಗಿಸಿ ಎಂಜಿನ್ ಸಮನಾಗಿ ನಿಲ್ಲುವ ಜಾಗ ಹುಡುಕುವುದು.

ಎಂಜಿಬಿಯದು ಬೇರೆ ಕಥೆ. ಎರಡು ಎಸ್‌ಯು ಕಾರ್ಬೊರೇಟರು, ಅಕ್ಕಪಕ್ಕ. ಸ್ಕಿನ್ನರ್ ಎನ್ನುವ ಚಪ್ಪಲಿ ವ್ಯಾಪಾರದ ಮನೆತನದವರು ಇದನ್ನು ಮಾಡಿದ್ದು. ಈಗ ಲೋಹದ ಪಿಸ್ಟನ್ ಇರುವ ಜಾಗದಲ್ಲಿ ಮೊದಮೊದಲು ಚರ್ಮದ ತಿದಿ ಇತ್ತಂತೆ. ಚರ್ಮ ಮನೆಯಲ್ಲೇ ಇತ್ತಲ್ಲ. ಕೆಲಸ ಮಾಡುವ ರೀತಿ ಬಲು ಸರಳ. ಎಂಜಿನ್ನು ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಒಳಗಿನ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ನಿನ ಬುಡದಲ್ಲಿ ಒಂದು ಮೊನಚು ಸೂಜಿ, ಅದು ಜೆಟ್ಟಿನ ತೂತಿನಲ್ಲಿ ಇಳಿದಿರುತ್ತದೆ. ಪಿಸ್ಟನ್ ಎದ್ದಷ್ಟೂ ಸೂಜಿಯ ಸಣ್ಣ ಭಾಗ ತೂತಿಗೆ ಬರುತ್ತದೆ, ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ. ಇಷ್ಟು ಅರ್ಥವಾದರೆ ಉಳಿದಿದ್ದೆಲ್ಲ ಕೈಕೆಲಸ.

ಮೊದಲು ಮೇಲಿನ ಗುಮ್ಮಟ ಬಿಚ್ಚಿ, ಪಿಸ್ಟನ್ನನ್ನೂ ಗುಮ್ಮಟದ ಒಳಗೋಡೆಯನ್ನೂ ಪೆಟ್ರೋಲು ಬಟ್ಟೆಯಿಂದ ಒರೆಸಿ. ಪಾಲಿಶ್ ಕಾಗದ ಹಚ್ಚಲೇಬೇಡಿ. ಆ ಎರಡರ ನಡುವಿನ ಸಂದೇ ಇದರ ಜೀವ. ಒಂದು ಕಾರ್ಬೊರೇಟರಿನ ಗುಮ್ಮಟ ಇನ್ನೊಂದರ ಪಿಸ್ಟನ್ನಿಗೆ ಕೂರಿಸಬಾರದು, ಅವು ಜೋಡಿಯಾಗಿಯೇ ತಯಾರಾದವು. ಮತ್ತೆ ಜೋಡಿಸಿ, ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ: ಕೆಳಗೆ ಬಿದ್ದಾಗ ಟಕ್ ಅಂತ ಲೋಹದ ಸದ್ದು ಬರಬೇಕು. ಸದ್ದಿಲ್ಲದೆ ಕೂತರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ಟನ್ನು ನಡುಮಧ್ಯಕ್ಕೆ ತರಬೇಕು. ಗುಮ್ಮಟದ ಮೇಲಿನ ಕರಿ ಬಿರಡೆ ತೆಗೆದು, 20 ನಂಬರಿನ ಆಯಿಲ್ಲನ್ನು ಒಳಗಿನ ಟೊಳ್ಳು ಕೊಳವೆಯ ತುದಿಗಿಂತ ಅರ್ಧ ಇಂಚು ಮೇಲೆ ಬರುವಷ್ಟು ಹಾಕಿ. ಆ ಆಯಿಲ್ ಖಾಲಿಯಾದರೆ ಎಕ್ಸಲೇಟರ್ ಒತ್ತಿದ ಕೂಡಲೇ ಪಿಸ್ಟನ್ ಹಾರಿಬಿಡುತ್ತದೆ, ಬರಿ ಗಾಳಿ ಹೋಗಿ ಎಂಜಿನ್ ಒಂದು ಕ್ಷಣ ಉಸಿರುಗಟ್ಟುತ್ತದೆ. ಎಷ್ಟೋ ಸಲ ಪಿಕಪ್ಪಿನ ದೂರು ಅನ್ನುವುದು ಈ ಒಂದು ಚಮಚ ಆಯಿಲ್ಲು.

ಈಗ ಎಂಜಿನ್ನು ಚೆನ್ನಾಗಿ ಬಿಸಿ ಮಾಡಿಕೊಳ್ಳಿ. ಶೆಡ್ಡಿನ ಬಾಗಿಲು ತೆರೆದಿರಬೇಕು. ಮುಚ್ಚಿದ ಜಾಗದಲ್ಲಿ ಸೈಲೆನ್ಸರಿನ ಹೊಗೆ ಜೀವ ತೆಗೆಯುತ್ತದೆ. ಏರ್ ಫಿಲ್ಟರ್ ಎರಡೂ ತೆಗೆದು, ಎರಡು ಕಾರ್ಬೊರೇಟರಿನ ನಡುವಿನ ದಂಡದ ಕ್ಲಾಂಪ್ ಸಡಿಲಿಸಿ. ಇಲ್ಲದಿದ್ದರೆ ಒಂದನ್ನು ತಿರುಗಿಸಿದರೆ ಇನ್ನೊಂದೂ ಜೊತೆಗೆ ಓಡುತ್ತದೆ. ಈಗ ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಮಾಡಬೇಕು. ಡಾಕ್ಟರು ತಮ್ಮ ಹಳೆ ಸ್ಟೆತಸ್ಕೋಪಿನ ಎದೆಗಿಡುವ ಬಿಲ್ಲೆ ಕಿತ್ತುಹಾಕಿ, ಬರಿ ರಬ್ಬರ್ ನಳಿಕೆ ಉಳಿಸಿಕೊಂಡಿದ್ದಾರೆ. ಅದರ ತುದಿಯನ್ನು ಮೊದಲು ಒಂದರ ಬಾಯಿಗೆ, ಆಮೇಲೆ ಇನ್ನೊಂದರ ಬಾಯಿಗೆ, ಅದೇ ಅಂತರದಲ್ಲಿ ಹಿಡಿಯುತ್ತಾರೆ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಥೇಟ್ ಆಸ್ಪತ್ರೆಯ ಗತ್ತಿನಲ್ಲಿ. "ಮುಂದಿನದು ಜೋರ ಎಳೀಲಿಕತ್ತೇತಿ, ಸ್ವಲ್ಪ ಇಳಸ್ರಿ." ನಾನು ಸ್ಕ್ರೂಡ್ರೈವರ್ ಹಿಡಿದವನು, ಇಳಿಸುತ್ತೇನೆ. ಎರಡರ ಸುಯ್ಲು ಒಂದೇ ಆದಾಗ ಅವರು ಬಾಯಿ ಬಿಡುವುದಿಲ್ಲ, ಕೈ ಎತ್ತುತ್ತಾರೆ. ನಿಮ್ಮಲ್ಲಿ ಡಾಕ್ಟರಿಲ್ಲದಿದ್ದರೆ ಮೊಳದುದ್ದ ರಬ್ಬರ್ ಪೈಪು ಸಾಕು, ಒಂದು ತುದಿ ಕಿವಿಗೆ.

ಆಮೇಲೆ ಮಿಕ್ಸ್ಚರ್. ಬುಡದ ಜೆಟ್ ನಟ್ ಪೂರಾ ಮೇಲಕ್ಕೆ ಏರಿಸಿ, ಎರಡು ಸುತ್ತು, ಅಂದರೆ ನಟ್ಟಿನ ಹನ್ನೆರಡು ಮುಖ, ಕೆಳಗಿಳಿಸಿದರೆ ಶುರು ಮಾಡುವ ಜಾಗ ಸಿಕ್ಕಿತು. ಕೆಳಗಿಳಿಸಿದರೆ ಪೆಟ್ರೋಲು ಜಾಸ್ತಿ, ಮೇಲೇರಿಸಿದರೆ ಕಡಿಮೆ. ಒಂದು ಸಲಕ್ಕೆ ಒಂದೇ ಮುಖ, ಎರಡರಲ್ಲೂ ಸಮ. ಸರಿಯಾಯಿತೋ ಇಲ್ಲವೋ ನೋಡಲು ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ, ಬರೀ ಒಂದು ಚೂರು ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲು ಜಾಸ್ತಿ. ಕುಸಿದು ನಿಲ್ಲುವ ಹಾಗಾದರೆ ಪೆಟ್ರೋಲು ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಕೈ ತೆಗೆಯಿರಿ, ಮುಗಿಯಿತು. ದಂಡದ ಕ್ಲಾಂಪ್ ಮತ್ತೆ ಬಿಗಿ ಮಾಡುವುದು ಮರೆಯಬೇಡಿ.

ಕೊನೆಯ ಸಾಕ್ಷಿ ಪ್ಲಗ್ಗಿನದು. ತಾರಿಹಾಳದ ಕಡೆ ಒಂದು ಸುತ್ತು ಹೊಡೆದು ಬಂದು ಬಿಚ್ಚಿ ನೋಡಿ. ಧಾರವಾಡ ಪೇಡೆಯ ಕಂದು ಇದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ. ಈಗಿನ ಪೆಟ್ರೋಲಿನಲ್ಲಿ ಬಣ್ಣ ಹಿಂದಿಗಿಂತ ತಿಳಿಯಾಗಿಯೇ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಪೆಟ್ರೋಲು, ನೀರು, ಬಿಸಿಲು

ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಕೂಡಿದ ಪೆಟ್ರೋಲು. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ರೈತರಿಗೆ ಒಳ್ಳೆಯದಾಗಲಿ, ನಮ್ಮ ಹಳೆ ರಬ್ಬರಿಗೆ ಮಾತ್ರ ಆಗುವುದಿಲ್ಲ. ಪೈಪು ಉಬ್ಬಿ, ಒಳಗೆ ಪದರು ಬಿಚ್ಚಿ, ಕರಿ ಚೂರುಗಳು ಜೆಟ್ಟಿಗೆ ಬಂದು ಕೂರುತ್ತವೆ. ಟ್ಯಾಂಕಿನಿಂದ ಕಾರ್ಬೊರೇಟರಿನ ತನಕ ಎಲ್ಲ ಪೈಪು, ಪಂಪಿನ ಡಯಾಫ್ರಾಮು, ವಾಷರು ಎಥೆನಾಲ್ ತಾಳುವಂಥದ್ದೇ ಹಾಕಿಸಿ. ಇಲ್ಲಿ ದುಡ್ಡು ಉಳಿಸಬೇಡಿ, ಬಿಸಿ ಎಗ್ಸಾಸ್ಟಿನ ಮೇಲೆ ಪೆಟ್ರೋಲು ಸೋರಿದರೆ ಉಳಿಯುವುದು ನಂಬರ್ ಪ್ಲೇಟು. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಮಿಕ್ಸ್ಚರು ತೆಳುವಾಗುತ್ತದೆ. ಎಸ್‌ಯು ಇದ್ದರೆ ನಟ್ಟು ಒಂದೆರಡು ಮುಖ ಕೆಳಗೆ ಬೇಕಾಗಬಹುದು. ಅದನ್ನೂ ಪಿಸ್ಟನ್ ಎತ್ತಿಯೇ ತೀರ್ಮಾನಿಸಿ.

ಏಪ್ರಿಲ್, ಮೇನಲ್ಲಿ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬಾನೆಟ್ ತೆರೆದು, ನೆರಳಲ್ಲಿ ಕೂತು ಒಂದು ಮಜ್ಜಿಗೆ ಕುಡಿಯುವಷ್ಟರಲ್ಲಿ ಸರಿಹೋಗುತ್ತದೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿಕೊಳ್ಳಬೇಡಿ. ರೇಡಿಯೇಟರಿಗೆ ಗದಗ, ನವಲಗುಂದದ ಬೋರಿನ ನೀರು ಬೇಡವೇ ಬೇಡ, ಸುಣ್ಣ ಕಟ್ಟಿ ನಳಿಕೆ ಮುಚ್ಚುತ್ತದೆ. ಬ್ಯಾಟರಿಗೆ ಹಾಕುವ ನೀರಿಗೆ ಕೂಲಂಟ್ ಕೂಡಿಸಿ ಹಾಕಿ. ಎಂಜಿನ್ನಿಗೆ 20ಡಬ್ಲ್ಯೂ-50, ಸಾದಾ ಮಿನರಲ್ ಆಯಿಲ್ಲೇ ಸಾಕು.

ಲಕ್ಕುಂಡಿಯ ಓಟ

ನಮ್ಮ ಮೆಚ್ಚಿನ ದಾರಿ ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಹಾದು ಲಕ್ಕುಂಡಿ. ದೊಡ್ಡ ಏರಿಲ್ಲ, ಎರಡೂ ಕಡೆ ಎರೆ ಹೊಲ. ಬಿಸಿಲೇರುವ ಮೊದಲೇ ಬಿಡಬೇಕು. ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ, ಪಾನಾ ಪೆಟ್ಟಿಗೆ ಇರುವ ಗಾಡಿ ಕಟ್ಟಕಡೆಗೆ. ವೇಗದ ಗಾಡಿ ಮುಂದಿಟ್ಟರೆ ಗುಂಪು ಅರ್ಧ ತಾಸಿನಲ್ಲಿ ಚೂರುಚೂರು. ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣದಿದ್ದರೆ ನಿಲ್ಲಿ, ಇಷ್ಟು ಪಾಲಿಸಿದರೆ ಫೋನೇ ಬೇಡ.

ಬರೀ ಓಡಿಸಿದರೆ ಬೇಸರ ಅನ್ನುವವರಿಗೆ ಒಂದು ಆಟ ಇದೆ. ರೇಸಲ್ಲ, ಸಮಯ ಪಾಲನೆ. ಚಾಲಕನ ಪಕ್ಕದಲ್ಲಿ ಒಬ್ಬರು ಕಾಗದ, ಗಡಿಯಾರ ಹಿಡಿದು ಕೂರಬೇಕು. ಸರಾಸರಿ 36 ಕಿಲೋಮೀಟರ್ ವೇಗ ಕೊಟ್ಟರೆ ಲೆಕ್ಕ ಸುಲಭ: ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡು. 42 ಕೊಟ್ಟರೆ ನಿಮಿಷಕ್ಕೆ 700 ಮೀಟರು, 35 ಕಿಲೋಮೀಟರಿಗೆ 50 ನಿಮಿಷ. ಹೊರಡುವ ಮೊದಲು ರಸ್ತೆಯ ಕಿಲೋಮೀಟರ್ ಕಲ್ಲುಗಳ ಜೊತೆ ನಿಮ್ಮ ಮೀಟರು ತಾಳೆ ನೋಡಿಕೊಳ್ಳಿ. ಎಂಜಿಬಿಯ ಮೀಟರು ಮೈಲಿನದು, ಡಾಕ್ಟರ ಮನೆಯವರು ಪ್ರತಿ ಸಲ 1.609ರಿಂದ ಗುಣಿಸುತ್ತಾ ಕೂರುತ್ತಾರೆ. ಆದರೂ ಗೆಲ್ಲುವವರು ಹೆಚ್ಚಾಗಿ ಅವರೇ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ತಡವಾಗಿ ಬಂದರೆ ಸೆಕೆಂಡಿಗೊಂದು ಅಂಕ ಕಡಿತ, ಬೇಗ ಬಂದರೆ ಎರಡು. ಬೇಗ ಬಂದವರಿಗೆ ಹೆಚ್ಚು ದಂಡ ಇದ್ದರೆ ಯಾರೂ ಹುಚ್ಚಾಪಟ್ಟೆ ಓಡಿಸುವುದಿಲ್ಲ.

ಸುಗ್ಗಿಯಲ್ಲಿ ಹಳ್ಳಿ ದಾರಿ ಹಿಡಿದರೆ ಎಚ್ಚರ. ಜೋಳ, ತೊಗರಿ, ಹುರುಳಿ ರಸ್ತೆಗೇ ಹಾಸಿ ಒಕ್ಕುತ್ತಾರೆ. ನಮ್ಮ ಗಾಡಿಗಳ ಹೊಟ್ಟೆ ಕೆಳಗಿರುತ್ತದೆ, ಒಣ ಕಡ್ಡಿ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿ. ರಾಶಿ ಕಂಡರೆ ಸುತ್ತು ಹಾಕಿ ಹೋಗಿ, ಬೇರೆ ದಾರಿ ಇಲ್ಲದೆ ಹಾಯ್ದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ. ಪ್ರತಿ ಗಾಡಿಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್, ಅದೂ ಡಿಕ್ಕಿಯಲ್ಲಲ್ಲ, ಸೀಟಿನ ಕೆಳಗೆ. ಲಕ್ಕುಂಡಿಯಲ್ಲಿ ಗಾಡಿಗಳನ್ನು ಊರ ಹೊರಗೆ ಸಾಲಾಗಿ ಬಿಟ್ಟು, ಕಾಶಿವಿಶ್ವೇಶ್ವರ ಗುಡಿಗೆ ನಡೆದೇ ಹೋಗುತ್ತೇವೆ. ಸಂದಿಯಲ್ಲಿ ಗಾಡಿ ತೂರಿಸಿ ಗುಡಿ ಮುಂದೆ ಫೋಟೋ ತೆಗೆಯುವ ಚಟ ನಮ್ಮಲ್ಲಿಲ್ಲ.

ಕಾಗದಪತ್ರದ ಬಗ್ಗೆ ಒಂದೇ ಮಾತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ನಡೆಯುತ್ತದೆ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಸಂತೆಗೂ ಅದರಲ್ಲೇ ಹೋಗುವ ನನ್ನಂಥವರು ಯೋಚನೆ ಮಾಡಿ ಕೈ ಹಾಕಬೇಕು.

ಜೂನ್ ಬಂತೆಂದರೆ ಓಟ ಬಂದ್. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರಿನ ಬಟ್ಟಲಲ್ಲಿ ಎಥೆನಾಲ್ ಪೆಟ್ರೋಲು ಬಿಡಬೇಡಿ, ಅದು ಗಾಳಿಯ ತೇವ ಹೀರಿ ಒಳಗೆ ತುಕ್ಕು ಹಿಡಿಸುತ್ತದೆ. ಪೆಟ್ರೋಲಿನ ಪೈಪು ಕಿತ್ತು, ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಿ. ಬ್ಯಾಟರಿಯ ಒಂದು ವೈರು ಬಿಚ್ಚಿ. ಹ್ಯಾಂಡ್ ಬ್ರೇಕ್ ಎಳೆಯದೆ ಗಾಲಿಗೆ ಕಲ್ಲು ಕೊಡಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಇಲಿ ಸೇರುತ್ತವೆ. ತುರುಕಿದ್ದೀರಿ ಅಂತ ಒಂದು ಚೀಟಿ ಬರೆದು ಸ್ಟೇರಿಂಗಿಗೆ ಕಟ್ಟಿ.